ಹಿಂದ ಹೋಗೂ ಗುಂಡಿ

ಇಲ್ಲರಿ, ಆ್ಯಪ್ ಮಾಡೂದು ಕಷ್ಟ ಅಲ್ಲ. ಮಾಡಿದ್ದನ್ನ ಇನ್ನೊಬ್ಬರಿಗೆ ತೋರಸೂದೈತಲ್ಲ, ಅದು ಕಷ್ಟ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ್ಯಾಗ ಯಾರರೆ ಒಬ್ರು ದಿನಾ ಕೇಳ್ತಾರ, "ನಾಕ ಪರದೆ ಆ್ಯಪಿಗೆ ಮೂರು ತಿಂಗಳ ಯಾಕ್ರಿ?" ಮನಿ ಬರೂದ್ರಾಗ ಏನಂತ ಹೇಳ್ಲಿ? ನನ್ನ ನಸೀಬದಾಗ ಇಂಥಾವು ಬರ್ಕೋತನ ಇರ್ತಾವ.

ನನಗ ಈಗ ಐವತ್ತೆರಡು. ಅರ್ಧಾ ಆಯುಷ್ಯ ಯಾರೂ ಮುಟ್ಟದ ಹಳೇ ಪ್ರೋಗ್ರಾಂ ರಿಪೇರಿ ಮಾಡ್ಕೋತ ಆರಾಮ ಇದ್ದೆ. ಒಂದಿನ ನಮ್ಮ ಮ್ಯಾನೇಜರ್, ನನಗಿಂತ ಇಪ್ಪತ್ತು ವರ್ಷ ಸಣ್ಣಾಂವ, ಕರದು ಕೂಡಿಸಿದ. ಆತನ ತೆಲುಗು ಮಾತು ಕನ್ನಡದಾಗ ಹೇಳೂದಾದ್ರ ಹಿಂಗ: "ಸರ್, ಹಳೇ ಕೆಲಸ ಮುಗೀತು. ಒಂದು ಮೊಬೈಲ್ ಆ್ಯಪ್ ಮಾಡಿ, ಕ್ಲೈಂಟ್ ಕಡಿಂದ ಸೈ ತಗೊಂಡು ಬಂದ್ರ ನಿಮ್ಮ ಕುರ್ಚಿ ಉಳೀತೈತಿ. ಇಲ್ಲಂದ್ರ..." ಮುಂದಿಂದು ಹೇಳಲಿಲ್ಲ. ಭಾಳ ಸಂಸ್ಕಾರವಂತ.

ಕ್ಲೈಂಟ್ ಅಂದ್ರ ಬೇಗಂ ಬಜಾರದಾಗ ಮಸಾಲಿ ಸಾಮಾನಿನ ಹೋಲ್‌ಸೇಲ್ ಅಂಗಡಿ ಇಟ್ಟ ಸಾವ್ಕಾರ್ರು. ಬೀದರ ಕಡೆಯವ್ರು, ಮಾತು ಕನ್ನಡದಾಗ. ಅಷ್ಟ ಸಮಾಧಾನ.

ನಾಕ ಫೋನು

ಮೊದಲನೇ ಭೆಟ್ಟಿಗೆ ಹಾಳ್ಯಾಗ ನಾಕ ಫೋನಿನ ಚಿತ್ರಾ ಬರಕೊಂಡು ಹೋಗಿದ್ದೆ. ಒಂದರಾಗ ಸಾಮಾನಿನ ಪಟ್ಟಿ, ಎರಡನೇದರಾಗ ಆರಿಸಿದ ಸಾಮಾನಿನ ವಿವರ, ಮೂರನೇದರಾಗ ಎಷ್ಟು ಕಿಲೋ ಬೇಕು, ನಾಕನೇದರಾಗ ಧನ್ಯವಾದ. ನಡುನಡುವ ಬಾಣದ ಗುರ್ತು. ಅರ್ಧಾ ತಾಸು ತಿಳಿಸಿ ಹೇಳಿದೆ.

ಸಾವ್ಕಾರ್ರು ಚಷ್ಮಾ ಏರಿಸಿ ನೋಡಿ, ಭಾಳ ಕನಿಕರದಿಂದ ಅಂದ್ರು: "ಎಲ್ಲಾ ಛಲೋ ಐತಿ ಸಾಹೇಬ್ರ. ಆದ್ರ ನಮ್ಮ ಗಿರಾಕಿ ಕಡೆ ಒಂದೊಂದ ಫೋನ್ ಇರ್ತೈತ್ರಿ."

ಎಲ್ಲಾ ಮುಂದ

ಫೋನ್ ಒಂದ, ಪರದೆ ನಾಕ ಅಂತ ತಿಳಿಸೂದ್ರಾಗ ಎರಡು ಚಾ ಆದ್ವು.

"ಹಂಗಾದ್ರ ಎರಡನೇ ಪರದೆ ಅಂದ್ರ ಗೋಡೌನ್ ಇದ್ದಂಗ," ಅಂದ್ರು ಸಾವ್ಕಾರ್ರು. "ಗೋಡೌನಿನ್ಯಾಗಿನ ಮಾಲು ಯಾರಿಗೆ ಕಾಣತೈತಿ? ಎಲ್ಲಾ ಮುಂದ ಇಡ್ರಿ."

ಇಟ್ಟೆ. ಅಂಗಡ್ಯಾಗಿದ್ದ ಅಷ್ಟೂ ಸಾಮಾನು, ಚಿತ್ರಾ, ಹೆಸರು, ದರ, ಎಲ್ಲಾ ಒಂದ ಪರದೆ ಮ್ಯಾಲ. ಎರಡು ವಾರ ಹಿಡೀತು. ಚಿತ್ರಾ ಎಷ್ಟು ಸಣ್ಣ ಆದ್ವಂದ್ರ, ಒಣಕೊಬ್ರಿ ಯಾವ್ದು, ಜಾಯಿಕಾಯಿ ಯಾವ್ದು, ನನಗ ಗೊತ್ತಾಗ್ತಿದ್ದಿಲ್ಲ. ಸಾವ್ಕಾರ್ರು ಫೋನ್ ಮೂಗಿಗೆ ಹಿಡಕೊಂಡು ಭಾಳೊತ್ತು ನೋಡಿದ್ರು.

"ಎಳ್ಳು ಛಲೋ ಬಂದೈತ್ರಿ," ಅಂದ್ರು. "ಥೇಟ್ ಅಷ್ಟ ಇರ್ತೈತಿ."

ಬೋಣಿಗಿ ಗಿರಾಕಿ

ಮತ್ತ ನಾಕ ಪರದೆಗೆ ಬಂದ್ವಿ. ಸಾವ್ಕಾರ್ರು ಜೀರಿಗಿ ಒತ್ತಿದ್ರು, ಜೀರಿಗಿ ಬಂತು. ಹಿಂದ ಹೋಗೂ ಗುಂಡಿ ಒತ್ತಿದ್ರು, ಪಟ್ಟಿ ಬಂತು. ಅವರ ಮಾರಿ ಸಪ್ಪಗಾತು.

"ಇದೇನ್ರಿ ಇದು?"

"ಬ್ಯಾಡಾದ್ರ ಗಿರಾಕಿ ವಾಪಸ್ ಹೋಗಾಕ್ರಿ."

"ನಮ್ಮ ಅಜ್ಜನ ಕಾಲದಿಂದ ಬೋಣಿಗಿ ಗಿರಾಕೀನ್ನ ಬರಿಗೈಲೆ ಕಳಿಸಿಲ್ಲ ನಾವು. ನೀವು 'ವಾಪಸ್ ಹೋಗ್ರಿ' ಅಂತ ಗುಂಡಿ ಹಚ್ಚಿ ಕೊಡ್ತೀರಿ? ತಗೀರಿ ಅದನ್ನ!"

"ಹಂಗಾದ್ರ ಅವರು ಹೊರಗ ಹೋಗೂದು ಹ್ಯಾಂಗ್ರಿ?"

"ತಗೊಂಡು ಹೋಗ್ತಾರ."

ಅಜವಾನ

ಕ್ಲೈಂಟ್ ಹೇಳಿದ್ದು ಮಾಡ್ರಿ ಅಂದ ಮ್ಯಾನೇಜರ್. ಗುಂಡಿ ತಗದೆ. ಆ್ಯಪ್ ಮುಚ್ಚಿ ಮತ್ತ ತೆರದ್ರೂ ಮೊದಲ ಬಿಟ್ಟಿದ್ದ ಪರದೇನ ಬರೂ ಹಂಗ ಮಾಡಿದೆ; ಅದೂ ಸಾವ್ಕಾರ್ರ ಆಸೆ.

ಸುರು ಮಾಡೂ ದಿನ ಅಂಗಡ್ಯಾಗ ಕಾಯಿ ಒಡದು, ಫೋನಿಗೆ ಕುಂಕುಮ ಹಚ್ಚಿದ್ರು. ಸೀದಾ ಕ್ಯಾಮರಾ ಮ್ಯಾಲ ಬಿತ್ತು. ಎಲ್ಲಾ ಗಿರಾಕಿಗೂ, ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೂ ಲಿಂಕ್ ಕಳಿಸಿದ್ವಿ. ಮ್ಯಾನೇಜರ್ ಸೈ ಮಾಡಸೂ ಕಾಗದ ಹಿಡಕೊಂಡು ನಿಂತಿದ್ದ. ನಾನು ಮೂಲ್ಯಾಗ ಫೋನ್ ನೋಡಾಕತ್ತಿದ್ದೆ. ಆರ್ಡರ್ ಬರಲಿಲ್ಲಂದ್ರ ನಾಳಿಂದ ಮನಿ.

ಟಿಂಗ್. ಐದು ಕಿಲೋ ಅಜವಾನ. ಟಿಂಗ್. ಐದು ಕಿಲೋ ಅಜವಾನ. ಒಂದು ತಾಸಿನ್ಯಾಗ ಹದಿನೇಳು ಆರ್ಡರ್, ಹದಿನೇಳೂ ಅಜವಾನ, ಅದ ಹೊಟ್ಟಿನೋವಿಗೆ ತಿನ್ನೂ ಓಂಕಾಳು.

"ಊರಿಗೆಲ್ಲಾ ಹೊಟ್ಟಿ ಕೆಟ್ಟೈತೇನ್ರಿ?" ಅಂದ್ರು ಸಾವ್ಕಾರ್ರು, ಭಾಳ ಖುಷೀಲೆ.

ನನಗ ಗೊತ್ತಾತು. ಪಟ್ಟ್ಯಾಗ ಮೊದಲನೇದ ಅಜವಾನ. ಎಲ್ಲಾರೂ ಸುಮ್ನ ನೋಡೂಣಂತ ಅದನ್ನ ಒತ್ತ್ಯಾರ. ಒತ್ತಿದವ್ರು ಒಳಗ ಸಿಕ್ಕೊಂಡಾರ. ಹೋಲ್‌ಸೇಲ್ ಅಂಗಡಿ, ಐದು ಕಿಲೋಕ್ಕಿಂತ ಕಡಿಮಿ ಆರಸಾಕ ಬರೂದಿಲ್ಲ.

"ಸಾವ್ಕಾರ್ರ, ಒಂದ ಮಾತು..." ಅಂದೆ. ಅವರು ನನ್ನ ಬಾಯಾಗ ಪೇಢಾ ಇಟ್ಟು, ಕಾಗದದ ಕಡೆ ತಿರುಗಿದ್ರು. ಪೇಢಾ ದೊಡ್ಡದಿತ್ತು. ನುಂಗೂದ್ರಾಗ ಸೈ ಆಗಿ ಹೋಗಿತ್ತು.

ಸಂಜೀಕ ಮನ್ಯಾಗ ಚಪ್ಪಲ್ ಬಿಡ್ಕೋತ ಹೆಂಡತಿಗೆ ಹೇಳಿದೆ, "ಅಂತೂ ಕುರ್ಚಿ ಉಳೀತು ನೋಡು."

ಆಕಿ ಫೋನಿನಿಂದ ತಲಿ ಎತ್ತಲಿಲ್ಲ. "ಛಲೋ ಆತ್ರಿ. ನಾನೂ ನಿಮ್ಮ ಆ್ಯಪ್ ನೋಡೂಣಂತ ಒತ್ತಿದ್ದೆ. ನಾಳೆ ಐದು ಕಿಲೋ ಅಜವಾನ ಬರ್ತೈತಿ. ಅಡಗಿಮನ್ಯಾಗ ಜಾಗಾ ಇಲ್ಲ, ಒಯ್ದು ಆ ಕುರ್ಚಿ ಮ್ಯಾಲ ಇಡ್ರಿ."