ಒಂಟಿ ಗಾಲಿ, ಆಯಿ ಹಲ್ಲು

ಎರಡು ಗಾಲಿ ಗಾಡಿ ಹೊಡಿಯೋರ ಪಾಡಿಗೆ ಅವರನ್ನ ಬಿಡ್ತಾರ. ಒಂದೇ ಗಾಲಿ ಮ್ಯಾಲ ನಿಂತು ಹೋಗೋನ್ನ ಕಲಬುರಗಿ ಮಂದಿ ಹಂಗ ಬಿಡಂಗಿಲ್ಲ. ಕರೆದು ಮಾತಾಡಸ್ತಾರ, ಮುಟ್ಟಿ ನೋಡ್ತಾರ, ಬುದ್ಧಿ ಹೇಳ್ತಾರ. ಹಿಂಗಾಗಿ ನನಗ ವಾರದಾಗ ಒಂದಾದ್ರೂ ಫಜೀತಿ ಗ್ಯಾರಂಟಿ.

ನನ್ನ ಕೆಲಸ ಹಲ್ಲಿನ ಸೆಟ್ ಮಾಡೋದು. ನಾ ಡಾಕ್ಟರ್ ಅಲ್ಲ ಮತ್ತ. ಡಾಕ್ಟರು ಬಾಯಿ ಅಳತಿ ತಗೊಂಡು ಅಚ್ಚು ಕಳಸ್ತಾರ, ನಾ ಸೂಪರ್ ಮಾರ್ಕೆಟ್ ಅನ್ನೋ ಪ್ಯಾಟ್ಯಾಗ ಒಂದು ಸೀರಿ ಅಂಗಡಿ ಮ್ಯಾಲಿನ ಖೋಲ್ಯಾಗ ಕೂತು ಹಲ್ಲು ಕೂಡಿಸಿ ವಾಪಸ್ ಮುಟ್ಟಸ್ತೀನಿ. ಆ ಗದ್ದಲದಾಗ ಸ್ಕೂಟರ್ ನಿಲ್ಲಸಾಕ ಜಾಗ ಹುಡುಕಿ ಹುಡುಕಿ ಸಾಕಾಗಿ, ಹೈದರಾಬಾದಿನವ ಒಬ್ಬ ಮಾರಾಕ ಇಟ್ಟಿದ್ದ ಕರೆಂಟಿನ ಒಂಟಿ ಗಾಲಿ ತಗೊಂಡೆ. ನೋಡದವರಿಗೆ ಹೇಳ್ತೀನಿ: ನಡುವ ಒಂದು ದಪ್ಪ ಗಾಲಿ, ಅದರ ಸುತ್ತ ಸೂಟ್‌ಕೇಸಿನಂಥಾ ಡಬ್ಬಿ, ಎರಡೂ ಕಡಿ ಕಾಲಿಡಾಕ ಹಲಗಿ. ಹ್ಯಾಂಡಲ್ ಇಲ್ಲ, ಸೀಟ್ ಇಲ್ಲ. ಮುಂದ ಬಾಗಿದ್ರ ಓಡ್ತದ, ಹಿಂದ ಬಾಗಿದ್ರ ನಿಲ್ತದ, ಧ್ಯಾಸ ತಪ್ಪಿದ್ರ ನಾವು ಬೀಳ್ತೀವಿ. ಇಳಿದ ಮ್ಯಾಲ ಕೈಯಾಗ ಹಿಡಕೊಂಡು ಪಾವಟಿಗಿ ಏರಿಬಿಡಬಹುದು.

ಹಳೇ ಮಾಡೆಲ್, ಅದಕ್ಕ ಸಸ್ಪೆನ್ಶನ್ ಇಲ್ಲ. ನಮ್ಮ ಮೆಕ್ಯಾನಿಕರ ಮಾತಿನಾಗ ಹೇಳೋದಾದ್ರ ಶಾಕಬ್ಸರ್ ಇಲ್ಲ. ರಸ್ತಾದಾಗ ಒಂದು ಖಡಿ ಎದ್ದಿದ್ರ ಅದರ ಸುದ್ದಿ ಸೀದಾ ನೆತ್ತಿಗೆ ಮುಟ್ಟತದ.

ಚಾ ಯಾರಿಗೆ

ನೆಹರು ಗಂಜ್‌ದಾಗ ಒಬ್ಬ ಡಾಕ್ಟರಿಗೆ ಸೆಟ್ ಕೊಡಾಕ ಹೊಂಟಿದ್ದೆ. ಹೆಗಲಿಗೆ ಚೀಲ, ಚೀಲದಾಗ ಪ್ಲಾಸ್ಟಿಕ್ ಡಬ್ಬಿ, ಡಬ್ಬ್ಯಾಗ ಹಲ್ಲು. ಗಂಜಿನ ರಸ್ತಾ ಗೊತ್ತಲ್ಲ, ಲಾರಿ ತುಳಿದು ತುಳಿದು ಹೊಂಡ ಬಿದ್ದಾವ. ನನ್ನ ಗಾಲಿ ಒಂದೊಂದು ಹೊಂಡಕ್ಕೂ ಕುಣೀತದ, ಅದರ ಕೂಡ ಚೀಲದಾಗಿನ ಹಲ್ಲೂ ಕಟಕಟ ಕಟಕಟ ಅಂತಾವ. ನನಗ ಅದು ರೂಢಿ. ಆ ಸಪ್ಪಳ ಕೇಳಸ್ತು ಅಂದ್ರ ಸಾಮಾನು ಚೀಲದಾಗ ಅದ ಅಂತ ಸಮಾಧಾನ.

ತೊಗರಿ ವ್ಯಾಪಾರದ ಸಾವಕಾರೊಬ್ಬರು ಅಂಗಡಿ ಕಟ್ಟಿ ಮ್ಯಾಲ ಕೂತಿದ್ರು. ಬಿರು ಬ್ಯಾಸಗಿ. ಕಟಕಟ ಸಪ್ಪಳ ಕೇಳಿ ನನ್ನ ಮಾರಿ ನೋಡಿದ್ರು, ಮಾರಿ ಬೆವರಿತ್ತು. ಥಂಡಿಜ್ವರ ಬಂದು ಹಲ್ಲು ಕಡಿಯಾಕತ್ತಾನ ಅಂತ ತಿಳಕೊಂಡು ಕೈ ಹಿಡಿದು ಇಳಸೇಬಿಟ್ರು. ತೊಗರಿ ಚೀಲದ ಮ್ಯಾಲ ಕೂಡಿಸಿ, ಶುಂಠಿ ಹಾಕಿದ ಚಾ ತರಿಸಿ, ಮ್ಯಾಲ ಒಂದು ಖಾಲಿ ಗೋಣಿಚೀಲಾನೂ ಹೊದಿಸಿದ್ರು. ನಾ ಏನು ಹೇಳಿದ್ರೂ ಜ್ವರದಾಗ ಬಡಬಡಸ್ತಾನ ಅಂತ ಮುನೀಮರಿಗೆ ಹೇಳಾಕತ್ರು.

ಕಡೀಕ ಚೀಲ ತೆಗೆದು ಡಬ್ಬಿ ಬಿಚ್ಚಿ ತೋರಿಸಿದೆ. ಅವತ್ತು ಮೂರು ಮಂದಿ ಸೆಟ್ ಇದ್ದವು, ಮೂರೂ ಅವರನ್ನ ನೋಡಿ ಹಲ್ಲು ಕಿಸಿದವು. ಸಾವಕಾರರು ಮೂರನ್ನೂ ಬಳ್ಳು ಮಾಡಿ ಎಣಿಸಿದ್ರು. ಆಮ್ಯಾಲ ಚಾದವನ ಕಡಿ ಹೊಳ್ಳಿ, "ಇವರಿಗೂ ಒಂದೊಂದು ಕಟ್ ಚಾ ಹೇಳಲೇನು?" ಅಂದ್ರು.

ಇನ್ನೊಂದು ಗಾಲಿ

ರೋಜಾ ಅನ್ನೋ ಏರಿಯಾ ಕಡಿ ಹೋದ್ರ ಬ್ಯಾರೆ ಕಥಿ. ಅಲ್ಲಿ ಮಂದಿಗೆ ಕರುಣಾ ಭಾಳ. ದರ್ಗಾದ ಹತ್ರ ಒಬ್ಬ ಆಟೋದವ ನನ್ನ ಬಾಜೂಕ ಬಂದು, ತಲಿ ಹೊರಗ ಹಾಕಿ, "ದೂಸ್ರಾ ಪಯ್ಯಾ ಕಾಂ ಗಿರಾಕೋ ಆಯೇ ಭಾಯಿ?" ಅಂತ ಕೇಳಿದ. ಇನ್ನೊಂದು ಗಾಲಿ ಎಲ್ಲಿ ಬೀಳಿಸಿ ಬಂದೀ ಅಂತ. ನಾ ಚಾಷ್ಟಿಗೆ, ಹಿಂದ ಎಲ್ಲೋ ಬಿದ್ದಿರಬೇಕು ಅಂದೆ. ಆ ಪುಣ್ಯಾತ್ಮ ಆಟೋ ಹೊಳ್ಳಿಸಿ ಹುಡುಕಾಕ ಹೋದ. ಒಳಗ ಸವಾರಿ ಕೂತಿತ್ತು, ಅವರೂ ಆ ಕಡಿ ಈ ಕಡಿ ಗಟಾರ ನೋಡ್ಕೋತ ಹೋದ್ರು.

ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವಾರ ಅದೇ ಹಾದೀಲೆ ಹೋಗುವಾಗ ಪಂಕ್ಚರ್ ಅಂಗಡಿ ಮುದುಕರೊಬ್ಬರು ನಿಲ್ಲು ಅಂತ ಕೈ ಮಾಡಿದ್ರು. ಒಳಗ ಹೋಗಿ ಒಂದು ಹಳೇ ಸೈಕಲ್ ಗಾಲಿ ತಂದ್ರು, ಎಣ್ಣಿ ಹಾಕಿ ಒರೆಸಿ ಲಕಲಕ ಮಾಡಿಟ್ಟಿದ್ರು. ನಾ ಬ್ಯಾಡ ಅಂದೆ, ಇದಕ್ಕ ಒಂದೇ ಗಾಲಿ ಇರೋದು ಅಂತ ತಿಳಿಸಿ ಹೇಳಿದೆ. ಅವರು ನನ್ನ ಭುಜದ ಮ್ಯಾಲ ಕೈ ಇಟ್ಟು, "ನಾಚಿಕಿ ಪಡಬ್ಯಾಡ ಬೇಟಾ, ತಗೊಂಡು ಹೋಗು" ಅಂದ್ರು. ಒಂದು ಗಾಲಿ ಮ್ಯಾಲ ನಿಂತು, ಇನ್ನೊಂದು ಗಾಲಿ ಕೊರಳಾಗ ಹಾಕ್ಕೊಂಡು ಮನಿಗೆ ಬಂದೆ.

ಮಜ್ಜಿಗಿ ಪರೀಕ್ಷಾ

ಇಷ್ಟು ದಿನ ನನ್ನ ಗಾಲಿಗೆ ಮಂದಿ ನಕ್ಕಿದ್ರೇ ಹೊರತು ಹಳೇದು ಅಂತ ಯಾರೂ ಅಂದಿರಲಿಲ್ಲ. ಅದನ್ನ ಅನ್ನಾಕ ಮನ್ಯಾಗಿನವನೇ ಬೇಕಾದ. ನನ್ನ ಹೆಂಡತಿ ತಮ್ಮ ನಮ್ಮ ಮನ್ಯಾಗೇ ಇರ್ತಾನ, ನೌಕರಿ ಮಾಡ್ತಾನ. ನನ್ನ ನೋಡಿ ಅವನಿಗೂ ಹುಚ್ಚು ಹಿಡೀತು. ಆದ್ರ ಅವ ತಂದದ್ದು ಹೊಸ ಮಾಡೆಲ್. ಎರಡೂ ಮಗ್ಗಲಕ್ಕ ಶಾಕಬ್ಸರ್, ಹೊಂಡದಾಗ ಇಳಿದ್ರ ಸುಂಯ್ ಅಂತ ಕೆಳಗ ಹೋಗಿ ಮ್ಯಾಲ ಬರ್ತದ. ಗಾಲಿ ಅಂಗಳಕ್ಕ ಬಂದ ದಿನಾನೇ, "ಮಾಮಾ, ಇದರ ಮುಂದ ನಿಮ್ಮದು ಬಂಡಿ ಕಾಲದ್ದು" ಅಂದ.

ನನಗ ಸಿಟ್ಟು ಬಂತು. ಸುಳ್ಳು ಯಾಕ ಹೇಳ್ಲಿ, ಅದರ ಮ್ಯಾಲ ಒಮ್ಮಿ ಏರಬೇಕು ಅಂತ ಆಸಿನೂ ಆತು. ಆದ್ರ ತೋರಿಸಿಕೊಳ್ಳಲಿಲ್ಲ. ಶಾಕಬ್ಸರ್ ಇರೋದು ಗಾಲಿಯಾಗಲ್ಲ, ಹೊಡಿಯೋನ ಮಳಕಾಲಾಗ, ಹೊಂಡ ಬಂದಾಗ ಮಳಕಾಲು ಮಡಚಿದ್ರ ಮುಗೀತು ಅಂದೆ. ಓಣಿ ಮಂದಿ ಕೂಡಿದ್ರು. ಹೆಂಡತಿ ಒಳಗಿಂದ ಎರಡು ಗ್ಲಾಸು ತುಂಬ ಮಜ್ಜಿಗಿ ತಂದು ನಮ್ಮಿಬ್ಬರ ಕೈಯಾಗ ಕೊಟ್ಟು, ಓಣಿ ತುದಿ ಮುಟ್ಟಿ ಬರ್ರಿ ನೋಡೋಣು ಅಂದ್ಳು. ನಮ್ಮ ಓಣಿ ನಳದ ಪೈಪಿಗೆ ಅಗೆದು ಹಂಗೇ ಬಿಟ್ಟದ್ದು.

ಅವ ಹೋಗಿ ಬಂದ, ಗ್ಲಾಸು ತುಂಬಿದ್ದು ತುಂಬಿದಂಗೇ ಇತ್ತು. ನಾ ಮಳಕಾಲು ಮಡಚ್ಕೋತ, ಕೋಳಿ ಕೂತು ಎದ್ದಂಗ ಮಾಡ್ಕೋತ ಹೋಗಿ ಬಂದೆ. ಮಜ್ಜಿಗಿ ಎಲ್ಲಾ ಅಂಗಿ ಕುಡಿದಿತ್ತು, ಕರಿಬೇವಿನ ಎಲಿ ಮೀಸಿಗೆ ಹತ್ತಿತ್ತು. ಆದ್ರೂ ನಾ ಸೋಲು ಒಪ್ಪಲಿಲ್ಲ, ಇವತ್ತು ಮಳಕಾಲು ಸರಿ ಮಡಚಲಿಲ್ಲ ಅಂದೆ.

ಹೆಂಡತಿ ಸೆರಗಿಲೆ ನನ್ನ ಮೀಸಿ ಒರೆಸಿ, ಓಣಿಗೆಲ್ಲಾ ಕೇಳೋ ಹಂಗ ಅಂದ್ಳು: "ನಿನ್ನಿ ಕೆಳಗಿನ ಜ್ವಾಳದ ಡಬ್ಬಿ ತೆಗೀರಿ ಅಂದ್ರ, ಮಳಕಾಲು ಬಗ್ಗಂಗಿಲ್ಲ ಅಂದ್ರಲ್ಲ?"

ಕಮಲಾಪುರದ ಹಾದಿ

ಅವತ್ತಿನಿಂದ ಹಳೇ ಗಾಲಿಗೆ ಶನಿ ಹತ್ತಿತು. ಎರಡೆರಡು ಗಾಲಿ ಇಡಾಕ ಮನ್ಯಾಗ ಜಾಗಿಲ್ಲ, ನನ್ನದು ಗುಜರಿಗೆ ಹೋಗಬೇಕು ಅಂತ ಹೆಂಡತಿ ಹಟ ಹಿಡಿದ್ಳು. ನನಗ ಜೀವ ತಡೀಲಿಲ್ಲ. ಬಿದ್ದು ಎದ್ದು ಕಲ್ತ ಗಾಲಿ ಅದು, ಅನ್ನ ಹಾಕಿದ ಗಾಲಿ. ಭಾಳ ಕೇಳಿಕೊಂಡ ಮ್ಯಾಲ ಒಂದು ಮಾತಿಗೆ ಒಪ್ಪಿದ್ಳು. ಒಮ್ಮಿ ತಮ್ಮನ ಗಾಲಿ ಮ್ಯಾಲ ಕಮಲಾಪುರಕ್ಕ ಹೋಗಿ ಬರ್ರಿ, ಬಂದ ಮ್ಯಾಲೂ ಹಳೇದೇ ಬೇಕು ಅಂದ್ರ ಇರಲಿ ಅಂದ್ಳು.

ಕಮಲಾಪುರಕ್ಕ ಕೆಲಸಾನೂ ಇತ್ತು. ಅಲ್ಲಿ ಒಬ್ಬ ಆಯಿ, ಅಂದ್ರ ಅಜ್ಜಿ, ಒಡಪು ಹೇಳೋದ್ರಾಗ ಎತ್ತಿದ ಕೈ. ನಮ್ಮ ಕಡಿ ಹೆಣ್ಣುಮಕ್ಕಳು ಗಂಡನ ಹೆಸರು ಬರೇ ಹೇಳಂಗಿಲ್ಲ, ಪ್ರಾಸ ಕೂಡಿಸಿ ಒಡಪಿನಾಗ ಇಟ್ಟು ಹೇಳಬೇಕು. ಮದಿವ್ಯಾಗ ಮದುಮಗಳಿಗಿಂತ ಮೊದಲು ಮನೀ ಹಿರಿಯಾಕಿ ಹೇಳೋದು ಅವರ ಮನಿ ಪದ್ಧತಿ. ಈಗ ಮೊಮ್ಮಗಳ ಮದಿವಿ, ಆಯಿ ಬಾಯಾಗ ಒಂದೂ ಹಲ್ಲಿಲ್ಲ. ಬೊಚ್ಚು ಬಾಯಿಲೆ ಗಂಡನ ಹೆಸರು ತಗೊಂಡು ಬೀಗರ ಮುಂದ ನಗಿಪಾಟಲಾಗಲಾರೆ, ಹಲ್ಲು ಬರೋತನ ಖೋಲಿ ಬಿಟ್ಟು ಹೊರಗ ಬರಂಗಿಲ್ಲ ಅಂತ ಕೂತಿದ್ಳು. ಅಕ್ಕಿಕಾಳು, ಅಂದ್ರ ಅಕ್ಷತಾ, ಬೀಳೋದ್ರೊಳಗ ಹಲ್ಲು ಮುಟ್ಟಲೇಬೇಕು ಅಂತ ಅಲ್ಲಿ ಡಾಕ್ಟರು ಮುಂಜಾನಿಯಿಂದ ಫೋನ್ ಮಾಡಾಕತ್ತಿದ್ರು.

ಹೊಂಟೆ. ಊರು ದಾಟಿ ಹುಮನಾಬಾದ್ ರೋಡು ಹಿಡಿದ ಮ್ಯಾಲ ಗೊತ್ತಾತು, ಶಾಕಬ್ಸರ್ ಅಂದ್ರ ಏನು ಅಂತ. ತೊಟ್ಟಿಲದಾಗ ನಿಂತು ಹೋದಂಗ. ಹೊಂಡ ಕಣ್ಣಿಗೆ ಕಾಣ್ತದ, ಕಾಲಿಗೆ ಗೊತ್ತಾಗಂಗಿಲ್ಲ. ನಡ ನೋವಿಲ್ಲ, ಹಲ್ಲಿನ ಸಪ್ಪಳಿಲ್ಲ. ಇಷ್ಟು ದಿನ ಕಲ್ಲು ಬೀಸಿದಂಗ ಬದುಕಿದೆ ಅಂತ ನನ್ನ ಮ್ಯಾಲ ನನಗೇ ಮರುಕ ಬಂತು. ಹಳೇದು ಹಳೇದೇ ಅಂತ ಮನಸ್ಸಿನಾಗ ಒಪ್ಪಿಕೊಂಡೆ. ಕಮಲಾಪುರ ಇನ್ನೇನು ಬಂತು ಅನ್ನೋವಾಗ ಒಂದು ದೊಡ್ಡ ಹೊಂಡ ಕಂಡ್ತು. ತಪ್ಪಿಸಿ ಹೋಗಬಹುದಿತ್ತು. ಶಾಕಬ್ಸರ್ ನೋಡೇಬಿಡೋಣು ಅಂತ ಬೇಕಂತಲೇ ಅದರಾಗ ಇಳಿಸಿದೆ. ಗಾಲಿ ಕೆಳಗ ಹೋತು, ಮ್ಯಾಲ ಬಂತು, ನನಗ ಏನೂ ಗೊತ್ತಾಗಲಿಲ್ಲ.

ದವಾಖಾನ್ಯಾಗ ಚೀಲ ತೆಗೆದು ನೋಡಿದ್ರ ಚೈನು ಅರ್ಧಾ ತೆರೆದಿತ್ತು, ಡಬ್ಬಿ ಇರಲಿಲ್ಲ. ನನ್ನ ಹಳೇ ಗಾಲಿ ಇದ್ದಿದ್ರ ಕಟಕಟ ನಿಂತ ಕೂಡ್ಲೇ ಗೊತ್ತಾಗ್ತಿತ್ತು, ಅಲ್ಲೇ ಇಳಿದು ಆರಿಸ್ಕೋತಿದ್ದೆ. ಇದು ನನ್ನ ಮೆತ್ತಗ ಜೋಲಿ ತೂಗಿ ಮಲಗಿಸಿಬಿಟ್ಟಿತ್ತು. ಅತ್ತ ಮದಿವಿ ಮನ್ಯಾಗ ಬಾಜಾ ಶುರುವಾಗಿತ್ತು. ಡಾಕ್ಟರಿಗೆ ಏನೂ ಹೇಳದ ಹೊಳ್ಳಿ ಓಡಿಸಿದೆ.

ಆ ಹೊಂಡದ ಹತ್ರ ಕೆಂಪು ಬಾಳಿಹಣ್ಣು ಮಾರೋ ಮುದುಕನ ಗಾಡಿ. ಹೋಗಿ, ಕಾಕಾ, ಇಲ್ಲೆಲ್ಲರೆ ಒಂದು ಡಬ್ಬಿ ಬಿದ್ದದ್ದು ನೋಡೀರೇನು ಅಂತ ಕೇಳಿದೆ. ಕಾಕಾ ಮಾತಾಡಲಿಲ್ಲ, ಬಾಯಾಗ ಏನೋ ಇತ್ತು. ಮಗ್ಗಲಕ್ಕ ಶೇಂಗಾ ಸಿಪ್ಪಿ ಗುಂಪಿ ಬಿದ್ದಿತ್ತು. ಆಮ್ಯಾಲ ನನ್ನ ನೋಡಿ ನಕ್ಕ. ನನ್ನ ಕೈಕೆಲಸ ನನಗ ಗುರುತು ಸಿಗದ ಇರ್ತದೇನು? ಆಯಿ ಹಲ್ಲು ಕಾಕಾನ ಬಾಯಾಗ ಇದ್ದವು.

"ಇವು ನಿಮ್ಮವೇನು?" ಅಂದ ಕಾಕಾ, ಭಾಳ ಬ್ಯಾಸರದಿಂದ. "ದಿನಾ ದೇವರಿಗೆ ಹಣ್ಣು ಇಟ್ಟೇ ಅಂಗಡಿ ತೆಗೀತೀನಿ. ಇವತ್ತು ನನ್ನ ಗಾಡಿ ಮುಂದ ಹಲ್ಲು ಉದುರಿಸ್ಯಾನ ಅಂತ ತಿಳಕೊಂಡಿದ್ದೆ."

ಒಬ್ಬರ ಸೆಟ್ ಇನ್ನೊಬ್ಬರಿಗೆ ಕೂಡಂಗಿಲ್ಲ. ಆದ್ರ ಆಸಿ ಅನ್ನೋದು ಒಸಡಿಗಿಂತ ಗಟ್ಟಿ, ಹ್ಯಾಂಗೋ ಜಡಿದು ಕೂಡಿಸಿಕೊಂಡಿದ್ದ. ಕೊಡಾಕ ಮನಸ್ಸಿಲ್ಲ. ನಿಮ್ಮ ಅಳತೀದು ಬ್ಯಾರೆ ಮಾಡಿಕೊಡ್ತೀನಿ, ಒಂದು ಪೈಸಾ ಬ್ಯಾಡ ಅಂತ ಆಣಿ ಮಾಡಿದ ಮ್ಯಾಲ, ಕೈಯಾಗಿನ ಶೇಂಗಾ ಮುಗಿಸೋತನ ತಡಿ ಅಂದ. ತಡದೆ. ಆಮ್ಯಾಲ ಪಂಜಿಯಿಂದ ಒರೆಸಿ ಕೊಟ್ಟ.

ಡಾಕ್ಟರಿಗೆ ಇದ್ದದ್ದು ಇದ್ದಂಗ ಹೇಳಲೇಬೇಕಾತು. ಅವರು ತಲಿ ತಲಿ ಬಡಕೊಂಡು ತಾವೇ ಬ್ರಷ್ ಹಿಡಿದು ತಿಕ್ಕಿದ್ರು, ಔಷಧದ ನೀರಿನಾಗ ಅದ್ದಿದ್ರು, ಮತ್ತ ತಿಕ್ಕಿದ್ರು. ಅವು ನೆನಿಯೋತನ ನಾ ಮನಿಗೆ ಫೋನ್ ಹಚ್ಚಿದೆ. ಹಳೇ ಗಾಲಿ ಕೊಡಬ್ಯಾಡ ಅಂದೆ. ನೀವು ಹೊಸದಕ್ಕ ಸೋತು ಬರೋದು ಗೊತ್ತೇ ಇತ್ತಲ್ಲ, ಗುಜರಿಯವ ತಕ್ಕಡಿ ಮ್ಯಾಲ ಇಟ್ಟಾನ ಅಂದ್ಳು. ನನಗ ಅಳುನೇ ಬಂತು. ಇಳಿಸು, ಅದು ಕಟಕಟ ಅಂತದಲ್ಲ, ಅದಕ್ಕೇ ಅದು ಬೇಕು, ಹೊಸದರ ಮ್ಯಾಲ ನಡಕ್ಕ ಸುಖ, ಹಲ್ಲಿಗಲ್ಲ ಅಂತ ಎಲ್ಲಾ ಕಥಿ ಹೇಳಿದೆ. ಅಕಿ ನಕ್ಕು ನಕ್ಕು ಕೂತೇಬಿಟ್ಳು. ಬಂದ ಗುಜರಿಯವನ್ನ ಬರಿಗೈಲೆ ಕಳಸಬಾರದು ಅಂತ ತನ್ನ ತಮ್ಮ ಎಂದೂ ಎತ್ತದ ಡಂಬೆಲ್ಸ್ ಕೊಟ್ಟು ಕಳಿಸಿದ್ಳು.

ಅಕ್ಕಿಕಾಳಿಗೆ ಇನ್ನೂ ಹೊತ್ತಿತ್ತು. ಡಾಕ್ಟರು ಖೋಲ್ಯಾಗ ಹೋಗಿ ಹಲ್ಲು ಕೂಡಿಸಿದ್ರು. ಆಯಿ ಹೊಸ ಇಳಕಲ್ ಸೀರ್ಯಾಗ ಹೊರಗ ಬಂದ್ಳು, ಬೀಗರ ನಟ್ಟನಡುವ ಕೂತ್ಳು. ಬಾಜಾದವರಿಗೆ ನಿಲ್ಲಸಾಕ ಹೇಳಿ, ಒಂದೊಂದು ಅಕ್ಷರ ಕಡಿದು ಇಟ್ಟಂಗ ಅಂದ್ಳು:

"ಕಮಲಾಪುರದ ಹೊಲದಾಗ ಕೆಂಪನ್ನ ಬಾಳಿ,
ಹೊಸ ಹಲ್ಲಿಲೆ ಹೇಳತೀನಿ ಬೀಗರೆಲ್ಲಾ ಕೇಳಿ,
ಶರಣಪ್ಪನವರು ಕಟ್ಯಾರ ನನ್ನ ಕೊರಳಿಗೆ ತಾಳಿ."

ಮಂಟಪದ ತುಂಬ ಚಪ್ಪಾಳಿ. ಶರಣಪ್ಪಜ್ಜ ಆ ವಯಸ್ಸಿನಾಗೂ ನಾಚಿಕೊಂಡ. ನನ್ನ ಕಣ್ಣಾಗ ನೀರು ಬಂದವು. ಬೀಗತಿಯೊಬ್ಬಾಕಿ ಆಯಿ ಮಗ್ಗಲಕ್ಕ ಸರಿದು, ಹಲ್ಲು ಹ್ಯಾಂಗ ಕೂತಾವ ಅಂತ ಕೇಳಿದ್ಳು. ಆಯಿ ನಾಲಿಗಿ ಆಡಿಸಿ ನೋಡಿ, "ಎಲ್ಲಾ ಛಲೋ ಕೂತಾವ. ಎಡಗಡಿ ಕೆಳಗ ಒಂದೀಟು ಒತ್ತತಾವ, ಅಷ್ಟೇ" ಅಂದ್ಳು.

ಮದಿವಿ ಊಟಕ್ಕ ಬಾಳಿಹಣ್ಣಿನ ಬುಟ್ಟಿ ಹೊತ್ತು ತಂದಿದ್ದ ನಮ್ಮ ಕಾಕಾ ಹಿಂದೇ ನಿಂತಿದ್ದ. ಬುಟ್ಟಿ ಕೆಳಗ ಇಳಿಸ್ಕೋತ, ಬೊಚ್ಚು ಬಾಯಿಲೆ, ಮನಸ್ಸಿಟ್ಟು ಅಂದ: "ಹೌದ್ ನೋಡಕ್ಕಾ, ನನಗೂ ಅಲ್ಲೇ ಒತ್ತತಿದ್ದವು."