ಯುನಿವರ್ಸಿಟಿಯ ಮನೆ ನೋಡಲು ಹೋದದ್ದು

ಓದಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಒಂದು ಕುರ್ಚಿಯನ್ನು ನೋಡಿ. ಜ್ಞಾನದಾಹ ಎಂದು ಹೇಳಿಕೊಂಡರೆ ನಾಲ್ಕು ಜನ ಗೌರವ ಕೊಟ್ಟಾರು ಎಂಬುದು ನನಗೂ ಗೊತ್ತು. ಆದರೆ ಹುನಗುಂದದಲ್ಲಿ ನನ್ನನ್ನು ಬಲ್ಲವರು ಬಹಳ, ಸುಳ್ಳು ನಡೆಯುವುದಿಲ್ಲ. ಇಲ್ಲಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಹದಿನೆಂಟು ವರ್ಷದಿಂದ ಕ್ಲಾರ್ಕು. ನಮ್ಮ ಮ್ಯಾನೇಜರರ ಕುರ್ಚಿ ಸುತ್ತ ತಿರುಗುವಂಥದ್ದು, ನಾವು ಹಿಂದಕ್ಕೆ ಒರಗಿದರೆ ಅದೂ ಒರಗುತ್ತದೆ. ಅವರು ರಜೆ ಹಾಕಿದ ದಿನ ನಾನು ಅದರಲ್ಲಿ ಕೂತು ಒಂದೆರಡು ಸುತ್ತು ತಿರುಗಿದ್ದೂ ಉಂಟು. ಮುಂದಿನ ವರ್ಷ ಅವರು ನಿವೃತ್ತರಾಗುತ್ತಾರೆ ಎಂದು ಗೊತ್ತಾದಾಗ ಸಂಘದ ಅಧ್ಯಕ್ಷರು ನನ್ನನ್ನು ಕರೆದರು. "ಕೆಲಸಾ ಎಲ್ಲಾ ನಿಮಗ ಬರ್ತೈತ್ರಿ ಅಕ್ಕಾರ. ಆದ್ರ ರೂಲ್ ಪ್ರಕಾರ ಡಿಗ್ರಿ ಬೇಕು. ವರ್ಷದೊಳಗ ತಂದ್ರ ಕುರ್ಚಿ ನಿಮ್ದ" ಎಂದರು. ನನ್ನ ಹತ್ತಿರ ಇದ್ದದ್ದು ಪಿಯುಸಿ.

ಪದವಿಗೆ ಮೂರು ವರ್ಷ ಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೂ ಫೋನಿನಲ್ಲಿ "ಬೇಗ ಮುಗಿಯುವ ಡಿಗ್ರಿ, ಕಡಿಮೆ ಫೀ" ಎಂದು ಒಂದು ಸಲ ಹುಡುಕಿದೆ. ಹುಡುಕಿದ್ದೇ ತಡ, ಫೋನು ಅದನ್ನೇ ಹಿಡಿದುಕೊಂಡು ಕೂತಿತು. ರೊಟ್ಟಿ ಬಡಿಯುವಾಗ ಹಾಡು ಹಚ್ಚಿದರೆ ಹಾಡಿನ ನಡುವೆ ಕರಿ ಗೌನಿನ ಹುಡುಗಿಯೊಬ್ಬಳು ಬಂದು ಟೊಪ್ಪಿಗೆ ತೂರುತ್ತಿದ್ದಳು. ಮರುದಿನವೇ ಒಬ್ಬ ಕೌನ್ಸೆಲರ್ ಫೋನು ಮಾಡಿದಳು. ಅವಳ ದನಿ ಜೇನಿನಂಥದ್ದು. "ಒಂದೇ ವರ್ಷ ಮೇಡಂ, ಮನೆಯಲ್ಲೇ ಕೂತು ಮುಗಿಸಬಹುದು. ಇವತ್ತು ಸಂಜೆ ಆರರೊಳಗೆ ಕಟ್ಟಿದರೆ ಫೀ ಅರ್ಧಕ್ಕೆ ಅರ್ಧ ಕಡಿಮೆ" ಎಂದಳು. ಹದಿನೈದು ದಿನ ಬಿಡದೆ ಫೋನು ಮಾಡಿದಳು, ಹದಿನೈದು ದಿನವೂ ಆ ರಿಯಾಯಿತಿ ಸಂಜೆ ಆರಕ್ಕೇ ಮುಗಿಯುತ್ತಿತ್ತು. ಉಳಿದ ಎರಡು ವರ್ಷದ ಕಥೆ ಏನು ಎಂದು ಕೇಳಿದ್ದಕ್ಕೆ, "ಅದನ್ನ ನಾವೇ ಅಡ್ಜಸ್ಟ್ ಮಾಡ್ತೀವಿ ಮೇಡಂ" ಎಂದಳು. ಸಾಲದ ಅರ್ಜಿಯಲ್ಲಿ ಒಂದು ಸಹಿ ಕಡಿಮೆ ಇದ್ದರೆ ಜನರನ್ನು ಮೂರು ಸಲ ಓಡಾಡಿಸುವ ಹೆಂಗಸು ನಾನು. ಆದರೆ ಆ "ಅಡ್ಜಸ್ಟ್" ಕಿವಿಗೆ ಬಿದ್ದಾಗ ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕಂಡದ್ದು ಕುರ್ಚಿ ಮಾತ್ರ.

ನಮ್ಮ ಮನೆಯವರು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಯಾವ ವಿಷಯಕ್ಕೂ ಅವರದು ಒಂದೇ ಉತ್ತರ: "ನನ್ನದೇನು ತಕರಾರಿಲ್ಲ, ಅವ್ವನ್ನ ಒಂದು ಮಾತು ಕೇಳು." ಹಾಗಾಗಿ ಅತ್ತೆಯವರನ್ನು ಕೇಳಿದೆ. ಇಲ್ಲಿ ನಮ್ಮ ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಸಾಲಿ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಆದರೆ ಈ ಸುತ್ತಿನಲ್ಲಿ ಅವರು ಕೂಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ, ಮುರಿಸಿದ ಸಂಬಂಧಗಳಿಗಂತೂ ಮೊದಲೇ ಇಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇದೆಯಲ್ಲ, ಆ ಸಾವಿರದಲ್ಲಿ ಒಂಬೈನೂರನ್ನಾದರೂ ಹಿಡಿಯಬೇಕು ಎನ್ನುವುದು ಅವರ ನಿಲುವು. ಅದಕ್ಕೆ ಅವರ ದಾರಿಯೂ ಒಂದೇ. ಬೀಗರನ್ನು ಏನೂ ಕೇಳಬಾರದು, ಬೀಗರ ಮನೆಯ ಎದುರಿಗಿನವರನ್ನು ಕೇಳಬೇಕು. ನನ್ನ ತವರು ರಾಮಥಾಳ. ನನ್ನನ್ನು ನೋಡಲು ಬರುವ ಮುಂಚೆ ಅವರು ನಮ್ಮೂರ ಹಿಟ್ಟಿನ ಗಿರಣಿಯವನ ಹತ್ತಿರ ಹೋಗಿ, "ಆ ಹುಡುಗಿ ಬೀಸಾಕ ಬಂದಾಗ ಪಾಳಿಗೆ ನಿಲ್ತಾಳೋ, ನಡುವ ನುಗ್ತಾಳೋ?" ಎಂದು ಕೇಳಿದ್ದರಂತೆ. "ಪಾಳಿಗೆ ನಿಲ್ತಾಳ್ರಿ, ಆದ್ರ ಬಾಯಿ ಮಾತ್ರ ನಿಲ್ಲೂದಿಲ್ಲ" ಎಂದನಂತೆ ಅವನು. ಆ ಪುಣ್ಯಾತ್ಮನ ಒಂದು ಮಾತಿನ ಮೇಲೆ ನಾನು ಈ ಮನೆಗೆ ಬಂದೆ.

ಒಂದು ದಿನ ಕೌನ್ಸೆಲರ್ ಫೋನು ಬಂದಾಗ ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. "ಯಾವೂರವ್ವಾ ನಿಂದು? ನಿಮ್ಮ ಯುನಿವರ್ಸಿಟಿ ಎಲ್ಲಿ ಬರ್ತೈತಿ?"

"ಆನ್‌ಲೈನ್ ಅಮ್ಮಾ."

"ಆತು, ತಾಲೂಕು ಯಾವುದು?"

ಅವಳು ಆ ಕಡೆ ಪಕ್ಕದಲ್ಲಿ ಯಾರನ್ನೋ ವಿಚಾರಿಸಿದಳು. ಆಮೇಲೆ ಬಾಗಲಕೋಟೆಯಲ್ಲಿ ತಮ್ಮದೊಂದು ಕೇಂದ್ರ ಇದೆ ಎಂದು ವಿಳಾಸ ಹೇಳಿದಳು. ಅತ್ತೆ ಬಿಡಲಿಲ್ಲ. "ನೀ ಅಲ್ಲೇ ಕಲ್ತೀ ಏನವ್ವಾ?" ಎಂದರು.

"ಇಲ್ಲಮ್ಮಾ, ನಾನು ರೆಗ್ಯುಲರ್ ಕಾಲೇಜಿಗೇ ಹೋಗಿದ್ದು."

ಅತ್ತೆ ಫೋನಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು. "ಅಡಗಿ ಮಾಡಿದಾಕಿ ತಾನ ಉಣ್ಣಾಕ ಒಲ್ಲೆ ಅಂತಾಳ. ಬಸ್ಸು ಹೆಂಗೂ ಫ್ರೀ ಐತಿ, ನಾಳೆ ಹೋಗಿ ಮನಿ ನೋಡ್ಕೊಂಡು ಬರೂಣು."

ನಾನು ನಾಚಿಕೆಯಿಂದ ಕುಗ್ಗಿ ಹೋದೆ. ಜಗತ್ತೆಲ್ಲ ಬೆರಳ ತುದಿಯಲ್ಲಿ ಅಡ್ಮಿಷನ್ ಮಾಡಿಸುತ್ತಿರುವಾಗ ನಾವು ಅತ್ತೆ ಸೊಸೆ ಯುನಿವರ್ಸಿಟಿಯ ಮನೆ ನೋಡಲು ಹೊರಟೆವು. ಅತ್ತೆ ಬೀಗರೂಟಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದರು. ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು ಕರದಂಟು ತಂದರು. "ಹೊಸ ಮಂದಿ ಮನಿಗೆ ಬರಿಗೈಲೆ ಹೋಗಬಾರದು" ಎಂದರು. ನನ್ನ ಚೀಲದಲ್ಲಿ ಕಟ್ಟಬೇಕಾದ ಫೀ ಇತ್ತು. ಕೇಂದ್ರ ನೋಡಿದ ಕೂಡಲೇ ಅತ್ತೆಗೆ ಸಮಾಧಾನವಾಗುತ್ತದೆ, ಅಲ್ಲೇ ಕಟ್ಟಿ ರಸೀದಿ ಹಿಡಿದು ಬರಬೇಕು ಎಂದು ನಾನು ನಿಶ್ಚಯ ಮಾಡಿಕೊಂಡಿದ್ದೆ.

ವಿಳಾಸದ ಜಾಗ ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಬೋರ್ಡು ಹೊಸದು, ದೊಡ್ಡದು. ನಾನು ಮೆಟ್ಟಿಲ ಕಡೆ ಹೊರಟರೆ ಅತ್ತೆ ರಸ್ತೆ ದಾಟಿ ಎದುರಿನ ಚಹಾದಂಗಡಿಯಲ್ಲಿ ಕೂತರು. ಎರಡು ಚಹಾ ಹೇಳಿ, ಅಂಗಡಿಯವನ ಊರು, ಮಕ್ಕಳು, ಅವನ ಹೆಂಡತಿಯ ಮಂಡಿ ನೋವು, ಎಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ಮೇಲೆ ಬೆರಳು ತೋರಿಸಿದರು. "ಈ ಮಂದಿ ಹೆಂಗಪಾ?"

ಅವನು ಗ್ಲಾಸು ತೊಳೆಯುತ್ತಲೇ ಹೇಳಿದ. "ಬೋರ್ಡ್ ಹಚ್ಚಿ ಎರಡು ತಿಂಗಳಾತ್ರಿ. ಅದಕ್ಕೂ ಮೊದಲು ಬ್ಯಾರೆ ಹೆಸರಿಂದಿತ್ತು, ಮಂದಿ ಮಾತ್ರ ಇವರ ಇದ್ರು. ಕಲಿಯಾವ್ರು ಮೊದಲ ಸಲ ನಕ್ಕೋತ ಬರ್ತಾರ್ರಿ. ಎರಡನೇ ಸಲ ಜಗಳಾಡ್ಕೋತ ಬರ್ತಾರ. ಮೊನ್ನೆ ಒಬ್ಬಾಂವ ಸರ್ಟಿಫಿಕೇಟ್ ಖೊಟ್ಟಿ ಅಂತ ನೌಕರಿ ಕಳಕೊಂಡು ಬಂದಿದ್ದ, ಇಲ್ಲೇ ಕುಂತು ಅತ್ತ."

ನಾನು ಚಹಾದ ಗ್ಲಾಸು ಕೆಳಗಿಟ್ಟು ಫೀ ಇದ್ದ ಚೀಲವನ್ನು ಅವುಚಿಕೊಂಡೆ. ಹದಿನೆಂಟು ವರ್ಷದ ನನ್ನ ನೌಕರಿ, ಅದರ ಪಗಾರದ ಮೇಲೆ ನಿಂತ ಮಗಳ ನರ್ಸಿಂಗ್ ಓದು, ಎಲ್ಲವನ್ನೂ ಒಂದು ತಿರುಗುವ ಕುರ್ಚಿಗಾಗಿ ಆ ಮೆಟ್ಟಿಲ ಮೇಲೆ ಇಡಲು ಹೊರಟಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಅನ್ನುವ ಹಕ್ಕು ಪೂರ್ತಿ ಇದ್ದಾಗಲೂ ಅನ್ನದೆ ಇದ್ದರು ನೋಡಿ, ಅದಕ್ಕೆ ನಾನು ಇವತ್ತಿಗೂ ಋಣಿ. ಕರದಂಟಿನ ಪೊಟ್ಟಣವನ್ನು ಚಹಾದವನ ಕೈಗೆ ಕೊಟ್ಟು, "ನಿನ್ನ ಹುಡುಗರಿಗೆ ಕೊಡಪಾ" ಎಂದು ಎದ್ದರು.

ನಾನು ಓದಿನ ಆಸೆಯನ್ನೇ ಬಿಟ್ಟುಬಿಟ್ಟಿದ್ದೆ. ಅತ್ತೆ ಬಿಡಲಿಲ್ಲ. ಒಂದು ಸಂಬಂಧ ಮುರಿದರೆ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆಯೇ ಎಂದು ಬೈದರು. ಚೊಳಚಗುಡ್ಡದಲ್ಲಿ ಅವರ ತಂಗಿ ಇದ್ದಾರೆ. ಆ ತಂಗಿಯ ಪಕ್ಕದ ಮನೆಯ ರೇಣುಕಾ ಎಂಬ ಅಂಗನವಾಡಿ ಟೀಚರು ನನ್ನ ವಯಸ್ಸಿನಲ್ಲೇ ಬೇರೊಂದು ಯುನಿವರ್ಸಿಟಿಯಿಂದ ಆನ್‌ಲೈನಿನಲ್ಲಿ ಬಿ.ಎ. ಮುಗಿಸಿದ್ದಾಳೆಂದು ಪತ್ತೆ ಹಚ್ಚಿ ಫೋನು ಹಚ್ಚಿಸಿದರು. ಕಾಗದ ಕೈಗೆ ಬಂತೇ, ಅದನ್ನು ನೌಕರಿಯಲ್ಲಿ ಒಪ್ಪಿದರೇ, ಸಂಶಯ ಕೇಳಿದರೆ ಹೇಗೆ ಮಾತಾಡಿಸುತ್ತಾರೆ ಎಂದು ಅರ್ಧ ತಾಸು ವಿಚಾರಣೆ ನಡೆಯಿತು. "ಮೂರು ವರ್ಷ ಪೂರ್ತಿ ಓದಸ್ತಾರ್ರಿ ಅಮ್ಮಾರ, ಒಂದು ದಿನಾನೂ ಕಡಿಮಿ ಮಾಡೂದಿಲ್ಲ. ಫೀ ಹಗರ ಐತಿ, ಕಂತಿನ ಮ್ಯಾಲೆ ಕಟ್ಟಬಹುದು. ಪರೀಕ್ಷಾದಾಗ ಕ್ಯಾಮೆರಾ ಹಚ್ಚಿ ಕುಂದ್ರಸ್ತಾರ, ಅತ್ತಾಗ ಇತ್ತಾಗ ನೋಡಾಕ ಬಿಡೂದಿಲ್ಲ. ಎದಕ್ಕೂ ಸರಕಾರದ ಪಟ್ಟಿಯೊಳಗ ಹೆಸರು ಐತಿಲ್ಲೋ ನೀವೂ ಒಮ್ಮೆ ನೋಡ್ರಿ" ಎಂದಳು ರೇಣುಕಾ. ನಮ್ಮ ಮನೆಯವರು ಪಟ್ಟಿ ನೋಡಿದರು, ಹೆಸರಿತ್ತು. "ಶಿಸ್ತಿನ ಮನಿ ಐತಿ" ಎಂದು ಅತ್ತೆ ತೀರ್ಪು ಕೊಟ್ಟರು. ಮೂರು ವರ್ಷ ಬಹಳವಾಯಿತು ಎಂದು ನಾನು ಗೊಣಗಿದ್ದಕ್ಕೆ, "ನಿನ್ನ ಗಂಡಗ ಕನ್ಯಾ ಹುಡಕಾಕ ನನಗ ನಾಕು ವರ್ಷ ಹಿಡೀತು, ನಾ ಗೊಣಗಿದ್ನೇನು?" ಎಂದರು.

ಕುರ್ಚಿ ಹೋಯಿತು. ಈಗ ಅದರಲ್ಲಿ ಬಾದಾಮಿಯ ಹುಡುಗಿಯೊಬ್ಬಳು ಕೂತಿದ್ದಾಳೆ. ಬಿ.ಕಾಂ. ಮಾಡಿದವಳು, ನನಗಿಂತ ಹದಿನೈದು ವರ್ಷ ಸಣ್ಣವಳು. ಅವಳು ಬಂದ ಮೊದಲ ದಿನ ನಾನು ಮನೆಗೆ ಬಂದು ಹಿತ್ತಲಲ್ಲಿ ನಿಂತು ಕಣ್ಣೀರು ಹಾಕಿದ್ದು ಸುಳ್ಳಲ್ಲ. ಒಳ್ಳೆಯ ಹುಡುಗಿ, ಎಲ್ಲವನ್ನೂ ನನ್ನನ್ನು ಕೇಳಿಯೇ ಮಾಡುತ್ತಾಳೆ, ಬೈದುಕೊಳ್ಳಲೂ ಅವಕಾಶ ಕೊಡುವುದಿಲ್ಲ. ಆದರೆ ನನ್ನ ಹಳೆಯ ಮರದ ಕುರ್ಚಿ ನನಗೆ ಉಳಿದಿದೆ. ತಿಂಗಳ ಕೊನೆಗೆ ಪಗಾರ ಬಂದಾಗಲೆಲ್ಲ ಆ ಚಹಾದವನಿಗೂ ನಮ್ಮ ಅತ್ತೆಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅಡ್ಮಿಷನ್ ಮಾಡಿಸಿದ ದಿನದ ಮಾತು ಹೇಳಿ ಮುಗಿಸುತ್ತೇನೆ. ನನ್ನ ಪಿಯುಸಿ ಅಂಕಪಟ್ಟಿಯನ್ನು ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಕಾಗಿತ್ತು. ಮದುವೆಯಾಗಿ ಇಪ್ಪತ್ತೊಂದು ವರ್ಷ ಅದನ್ನು ನಾನು ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ನಮ್ಮ ಮನೆಯವರು ಅದನ್ನು ಹೊರತೆಗೆದು, ಹೆಂಡತಿಯ ಮಾನದ ಪರಿವೆಯಿಲ್ಲದೆ, ಅವ್ವನಿಗೆ ಕೇಳುವಂತೆ ಓದಿದರು. ಇತಿಹಾಸ ನಲವತ್ತೊಂದು, ಇಂಗ್ಲಿಷ್ ಮೂವತ್ತಾರು, ಅರ್ಥಶಾಸ್ತ್ರ ಮೂವತ್ತೈದು. ಎರಡು ದಿನದ ಮೇಲೆ ನಿಮಗೆ ಪ್ರವೇಶ ಸಿಕ್ಕಿದೆ, ಸ್ವಾಗತ ಎಂದು ಮೆಸೇಜು ಬಂತು. ಓದಿ ಹೇಳಿದೆ. ಅತ್ತೆ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಮೊರ ಕೆಳಗಿಟ್ಟರು.

"ಆ ಮಾರ್ಕ್ಸ್ ನೋಡಿನೂ ನಿನ್ನ ಒಪ್ಪಿಕೊಂಡಾರಂದ್ರ ಭಾಳ ಒಳ್ಳೆ ಮಂದಿ ಇರಬೇಕು, ಪಾಪ" ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಹೊಂದಿಕೊಂಡು ಹೋಗು ಯವ್ವಾ" ಎಂದರು.

ಹೊಂದಿಕೊಳ್ಳುತ್ತಿದ್ದೇನೆ. ಇತಿಹಾಸ ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ, ಇಂಗ್ಲಿಷ್ ಆಗಾಗ ಮುನಿಸಿಕೊಂಡರೂ ಸಂಜೆಗೆ ಸರಿಹೋಗುತ್ತದೆ. ಅರ್ಥಶಾಸ್ತ್ರ ಮಾತ್ರ ಇನ್ನೂ ನನ್ನ ಸಂಗಡ ಮಾತು ಬಿಟ್ಟಿದೆ.