ಕಾಕುವಿನ ಪಾರ್ಲರಿನಲ್ಲಿ ಕೂಸು ಅಳುವುದಿಲ್ಲ

ನಮ್ಮ ಕಾಕು ಯಾರ ಕೂಸನ್ನು ಬೇಕಾದರೂ ಹತ್ತು ನಿಮಿಷದಲ್ಲಿ ಮಲಗಿಸಬಲ್ಲಳು. ಅದೂ ಎತ್ತಿಕೊಳ್ಳದೆ, ತೂಗದೆ, ಜೋಗುಳದ ಒಂದು ಸಾಲನ್ನೂ ಹಾಡದೆ! ನಂಬುವುದಿಲ್ಲವೇ? ಬೀದರಿನ ಮೈಲೂರಿನಲ್ಲಿ ಎರಡು ಚಳಿಗಾಲ ಎಲ್ಲರೂ ನಂಬಿದ್ದರು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನಾನೂ ನಂಬಿದ್ದೆ. ಈ ಸಾಲು ಬರೆದವಳು ಒಮ್ಮೆ ಎದ್ದುಹೋಗಿ ಕಿಟಕಿ ತೆರೆದಿದೆಯೇ ಎಂದು ನೋಡಿ ಬಂದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮದು ಅರ್ಧ ಕನ್ನಡ, ಅರ್ಧ ಮರಾಠಿಯ ಮನೆ. ಕಾಕು ಸಿಟ್ಟು ಬಂದರೆ ಮರಾಠಿಗೆ ಹೋಗುತ್ತಾಳೆ, ಸಿಟ್ಟು ನೆತ್ತಿಗೇರಿದರೆ ದಖನಿ ಉರ್ದುವಿಗೆ. ಮನೆಯ ಮುಂದಿನ ಕೋಣೆಯೇ ಆಕೆಯ ಬ್ಯೂಟಿ ಪಾರ್ಲರ್. ಹುಬ್ಬು ತೆಗೆಯುವಾಗ ಆಕೆ ಗಿರಾಕಿಯ ಜೊತೆ ಮಾತಾಡುವುದಿಲ್ಲ, ಹುಬ್ಬಿನ ಜೊತೆ ಮಾತಾಡುತ್ತಾಳೆ. ಎಡಹುಬ್ಬನ್ನು ಗದರಿಸುತ್ತಾಳೆ, ಬಲಹುಬ್ಬನ್ನು ಹೊಗಳುತ್ತಾಳೆ. ಕೆಳಗಿನಿಂದ ಗಿರಾಕಿ ಏನಾದರೂ ಉತ್ತರ ಕೊಟ್ಟರೆ, “ನೀವು ಸುಮ್ಮಕ ಕೂಡ್ರಿ, ಇದು ನಮ್ಮಿಬ್ಬರ ಮಾತು” ಎನ್ನುತ್ತಾಳೆ.

ಇಂಥವಳ ಪಾರ್ಲರಿಗೆ ಇನ್ನೊಂದು ವಿಶೇಷವಿತ್ತು. ಬಾಣಂತಿಯರಿಗೆ ಎರೆದು, ಕೂದಲಿಗೆ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಶೇಗಡಿ ಎಂಬ ಕಬ್ಬಿಣದ ಒಲೆಯಲ್ಲಿ ಇದ್ದಿಲು ಕೆಂಪಗೆ ಮಾಡಿ, ಮೇಲೆ ಚಿಟಿಕೆ ಲೋಬಾನ ಉದುರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕುತ್ತಾರೆ. ಬಾಣಂತಿ ಮಲಗಿ ಬುಟ್ಟಿಯ ಮೇಲೆ ಕೂದಲು ಹರಡಬೇಕು. ಈಗಿನ ಮನೆಗಳಲ್ಲಿ ಇದನ್ನೆಲ್ಲ ಯಾರು ಮಾಡುತ್ತಾರೆ? ಕಾಕು ಮಾಡುತ್ತಿದ್ದಳು. ಎಣ್ಣೆ, ತಲೆಸ್ನಾನ, ಲೋಬಾನ, ಕೊನೆಗೆ ಹುಬ್ಬು. ಬಾಣಂತಿ ಬಂದರೆ ಕೂಸೂ ಬರಲೇಬೇಕಲ್ಲ!

ಕೂಸು ಬಂತೆಂದರೆ ಕಾಕುವಿನ ಎರಡನೆಯ ಪದ್ಧತಿ ಶುರು. ಹಲ್ಲು ಮೂಡುವ ತನಕ ಕೂಸಿಗೆ ಕನ್ನಡಿ ತೋರಿಸಬಾರದು. ತೋರಿಸಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದಕ್ಕೆ, “ತೋರಿಸಿದವ್ರು ಯಾರೂ ವಾಪಸ್ ಬಂದು ಹೇಳಿಲ್ಲ” ಎಂದಿದ್ದಳು. ಈಗ ಯೋಚಿಸಿ: ಪಾರ್ಲರಿನಲ್ಲಿ ಕನ್ನಡಿಯಲ್ಲದೆ ಇನ್ನೇನಿದೆ? ಐದು ಆಳೆತ್ತರದ ಕನ್ನಡಿಗಳು. ಹೊಸ್ತಿಲಲ್ಲಿ ಕೂಸು ಕಂಡೊಡನೆ ಐದಕ್ಕೂ ಬಿಳಿಯ ಚಾದರ ಬೀಳುತ್ತಿತ್ತು. ಹಿಂದಿನ ಗೋಡೆಯ ಮೇಲಿನ ಗವಾಕ್ಷಿಗೂ ಗಾಜಿತ್ತು, ಅದರಲ್ಲೂ ಮುಖ ಕಾಣುತ್ತದೆ ಎಂದು ಅದಕ್ಕೊಂದು ದಪ್ಪ ಕಂಬಳಿ. ಚಳಿಗಾಲದಲ್ಲಿ ಕೂಸಿಗೆ ಗಾಳಿ ತಾಗಬಾರದೆಂದು ಬಾಗಿಲೂ ಬಂದ್.

ಭಾಲ್ಕಿಯ ಒಬ್ಬ ಮದುಮಗಳು ಮೇಕಪ್ಪಿಗೆ ಕೂತಿದ್ದಾಗ ಅವಳ ಅಕ್ಕ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕನ್ನಡಿಗಳೆಲ್ಲ ಮುಚ್ಚಿದವು. ಪಾಪ ಆ ಹುಡುಗಿ ತನ್ನ ಮುಖ ತಾನು ನೋಡದೆ ಮದುವೆಯಾದಳು! ಆಲ್ಬಂ ಬಂದಾಗ ಗಂಡನ ಪಕ್ಕದಲ್ಲಿ ನಿಂತವಳು ಯಾರೆಂದು ಕೇಳಿದಳಂತೆ.

ಆ ಚಾದರಗಳು ಮಾತ್ರ ನನಗೆ ಯಾವತ್ತೂ ಸರಿಬರಲಿಲ್ಲ. ಅರೆಗತ್ತಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ಐದು ಎತ್ತರದ ಹೆಂಗಸರು ಗೋಡೆಗೆ ಒರಗಿ ನಿಂತ ಹಾಗೆ. ಶೇಗಡಿಯ ಬಿಸಿಗೆ ಅವು ಸಣ್ಣಗೆ ಅಲುಗುತ್ತಿದ್ದವು, ಉಸಿರಾಡಿದಂತೆ. ಕೆಳಗೆ ಚಾಪೆಯ ಮೇಲೆ ಸಾಲಾಗಿ ಕೂಸುಗಳು. ಒಂದೂ ಪಿಟಕ್ ಅನ್ನುತ್ತಿರಲಿಲ್ಲ.

ಹೌದು, ಅಲ್ಲಿ ಕೂಸುಗಳು ಮಲಗುತ್ತಿದ್ದವು. ಔರಾದ ತಾಲೂಕಿನ ಚಿಂತಾಕಿಯಿಂದ ಒಬ್ಬ ತಾಯಿ ಬಸ್ಸು ಹಿಡಿದು ಬಂದಿದ್ದಳು. ಕುರಿ ಸಾಕುವ ಮನೆಯ ಸೊಸೆ. ಅವಳ ಹೆಣ್ಣುಕೂಸು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಬಸ್ಸಿನಲ್ಲಿದ್ದವರಿಗೂ ಕಣ್ಣು ಮುಚ್ಚಲು ಬಿಟ್ಟಿರಲಿಲ್ಲ. ಕಾಕುವಿನ ಚಾಪೆಯ ಮೇಲೆ ಹತ್ತೇ ನಿಮಿಷ. ಮಲಗಿದ್ದು ಮಲಗಿದ್ದೇ. ಆ ಸುದ್ದಿ ಚಿಂತಾಕಿಯಿಂದ ಔರಾದಿಗೆ, ಔರಾದಿನಿಂದ ಭಾಲ್ಕಿಗೆ ನಡೆದುಕೊಂಡೇ ಹೋಯಿತು. ಕೆಲವರು ಕಾಕುವಿನ ಕೈಗುಣ ಎಂದರು. ಕೆಲವರು ಚಾದರಗಳ ಹಿಂದೆ ಏನೋ ಕಟ್ಟಿದ್ದಾಳೆ ಎಂದು ದನಿ ತಗ್ಗಿಸಿದರು. ದನಿ ತಗ್ಗಿಸಿದವರೇ ಮರುವಾರ ಕೂಸಿನ ಸಮೇತ ಬಂದರು. ಮೂರು ಗಂಡುಮಕ್ಕಳನ್ನು ನಿದ್ದೆಗೆಟ್ಟು ಬೆಳೆಸಿದ ಕಾಕುವಿಗೆ ಎಷ್ಟು ಹೆಮ್ಮೆಯಾಗಿರಬೇಡ! ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟಾಗ ಕೂಸುಗಳು ಅಷ್ಟೊಂದು ಮಲಗುತ್ತಿರಲಿಲ್ಲ. ಬಿಸಿಲಿಗೆ ತನ್ನ ಕೈಗುಣ ಕಮ್ಮಿಯಾಗುತ್ತದೆ ಎಂದು ಆಕೆ ಲೆಕ್ಕ ಹಾಕಿಕೊಂಡಿದ್ದಳು.

ಕೂಸುಗಳನ್ನು ಪಾರ್ಲರಿಗೆ ಬಿಡಬೇಕೋ ಬಾರದೋ ಎಂಬ ಚರ್ಚೆಯೂ ಅಲ್ಲಿ ನಡೆದಿದೆ. ಎತ್ತಿದವರು ಪಕ್ಕದ ಓಣಿಯ ಹೈಸ್ಕೂಲು ಹೆಡ್ಮಿಸ್ಟ್ರೆಸ್. ಎಲ್ಲರಿಗೂ ಅವರು ಹೆಡ್‌ಬಾಯಿ; ನಮ್ಮ ಕಡೆ ಬಾಯಿ ಎಂದರೆ ಟೀಚರಮ್ಮ. ವಾರವಿಡೀ ಮಕ್ಕಳ ಗದ್ದಲ ಕೇಳುವ ತಾನು ಒಂದು ತಾಸು ಶಾಂತಿಗಾಗಿ ಇಲ್ಲಿಗೆ ಬರುತ್ತೇನೆ, ಇಲ್ಲಿಯೂ ಕೂಸುಗಳೇ ಎಂದರೆ ಹೇಗೆ ಎಂದು ಅವರು ವಾದಿಸಿದರು. ಕಾಕು ವಾದ ಮಾಡಲಿಲ್ಲ.

“ಕಿವಿ ಕೊಟ್ಟು ಕೇಳ್ರಿ ಬಾಯಾರ” ಎಂದಳು.

ಹೆಡ್‌ಬಾಯಿ ಕಿವಿ ಕೊಟ್ಟರು. ಚಾಪೆಯ ಮೇಲೆ ನಾಲ್ಕು ಕೂಸುಗಳಿದ್ದವು. ಒಂದೂ ಸದ್ದಿಲ್ಲ. ಇದ್ದಿಲು ಚಟ್ ಎಂದದ್ದು ಮಾತ್ರ. ಕೇಳುತ್ತ ಕೇಳುತ್ತ ಹೆಡ್‌ಬಾಯಿಯೂ ಒಂದು ಹುಬ್ಬು ಮುಗಿಯುವಷ್ಟರಲ್ಲಿ ನಿದ್ದೆ ಹೋದರು. ಎದ್ದ ಮೇಲೆ ತಲೆ ಸಿಡಿಯುತ್ತಿದೆ ಎಂದರು. ಸಾಲಿ ಚಿಂತೆ ಜಾಸ್ತಿಯಾಗಿದೆ ಎಂದು ಕಾಕು ಚಹಾ ಕುಡಿಸಿ ಕಳಿಸಿದಳು. ಚಳಿಗಾಲದಲ್ಲಿ ಕಾಕುವೂ ಸಂಜೆ ಹೊತ್ತು ಹಣೆಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದಳು. ದೃಷ್ಟಿ ತಾಗಿದೆ ಎನ್ನುತ್ತಿದ್ದಳು. ಇಷ್ಟೆಲ್ಲ ನನ್ನ ಕಣ್ಣ ಮುಂದೆಯೇ ನಡೆಯಿತು. ನಾನು ನಕ್ಕೆ!

ಎರಡನೆಯ ಚಳಿಗಾಲದಲ್ಲಿ ನಾನೇ ಬಾಣಂತನ ಮುಗಿಸಿ ನನ್ನ ಏಳು ತಿಂಗಳ ಮಗಳನ್ನು ಎತ್ತಿಕೊಂಡು ಹೋದೆ. ಬೆಳಗಿನ ಹನ್ನೊಂದು ಗಂಟೆ. ಬೇರೆ ಗಿರಾಕಿಗಳಿರಲಿಲ್ಲ. ಮಗಳಿಗೆ ಹಲ್ಲು ಬಂದಿರಲಿಲ್ಲ, ಚಾದರಗಳು ಬಿದ್ದವು, ಕಂಬಳಿ ಏರಿತು. ಕಾಕು ಎರೆದು, ನನ್ನ ಕೂದಲನ್ನು ಬುಟ್ಟಿಯ ಮೇಲೆ ಹರಡಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಹೊರಗೆ ಬಳೆಗಾರ್ತಿ ಬಂದಿದ್ದಳು. ಕಾಕು ಬಳೆಗಾರ್ತಿಯ ಹತ್ತಿರ ನಿಂತಳೆಂದರೆ ಅರ್ಧ ತಾಸು.

ಮಗಳು ನನ್ನ ಪಕ್ಕದ ಚಾಪೆಯ ಮೇಲೆ ಎರಡು ಸಲ ಕಾಲು ಝಾಡಿಸಿದಳು. ಮೂರನೆಯ ಸಲ ಝಾಡಿಸಲಿಲ್ಲ. ಎಷ್ಟು ಜಾಣೆ ಎಂದುಕೊಂಡೆ. ನನಗೂ ಹಿತವಾಗಿತ್ತು. ಮೈ ಹಗುರವಾಗಿ ಯಾರೋ ನೀರಿನ ಮೇಲೆ ತೇಲಿಬಿಟ್ಟ ಹಾಗೆ. ಚಾದರ ಹೊದ್ದ ಐದೂ ಹೆಂಗಸರು ಉಸಿರಾಡುತ್ತಿದ್ದರು. ನಡುವಿನವಳು ನನ್ನ ಮಗಳ ಕಡೆ ಬಾಗಿದ ಹಾಗೆ ಕಂಡಿತು. ಬಾಗಲಿ, ಮುದ್ದು ಮಾಡಲಿ ಎಂದುಕೊಂಡೆ.

ಮಗಳ ಮುಖದ ಕಡೆ ನೋಡಿದೆ. ಕೆನ್ನೆ ಗುಲಾಬಿಯಾಗಿತ್ತು. ತುಟಿ ಅದಕ್ಕಿಂತ ಕೆಂಪು. ನಮ್ಮ ಮನೆಯ ಕಪ್ಪು ಕೂಸಿಗೆ ಇಷ್ಟು ಬಣ್ಣ ಎಲ್ಲಿಂದ ಬಂತು? ಆಗ ಎಲ್ಲೋ ಬಾವಿಯ ತಳದಿಂದ ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಗೊಗ್ಗರು ದನಿ ಮೇಲೆ ಬಂತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬರುವ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೆತ್ತರಿಗೆ ಅಂಟಿಕೊಳ್ಳುತ್ತದೆ. ಸತ್ತವರು ನಿದ್ದೆಯಲ್ಲಿದ್ದ ಹಾಗೆ ಕೆಂಪಗೆ ಕಾಣುತ್ತಾರೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಏಳಬೇಕೆಂದುಕೊಂಡೆ. ಕಾಲುಗಳು ಬೇರೆ ಯಾರದೋ ಆಗಿದ್ದವು. ಕೂಗಿದೆ, ಕೂಗು ನನ್ನ ಬಾಯಿಯ ಒಳಗೇ ಉಳಿಯಿತು. ಬಾಗಿಲಿನ ಆಚೆ ಕಾಕು ಹಸಿರು ಬಳೆಯ ಬೆಲೆ ಇಳಿಸುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳಿಗೂ ನನಗೂ ನಡುವೆ ಒಂದು ಹಲಗೆ. ಕೊನೆಗೆ ಕೈ ಬೀಸಿ ಬುಟ್ಟಿಯನ್ನು ಕೆಡವಿದೆ. ಶೇಗಡಿ ಉರುಳಿತು, ತಗಡಿನ ಬಕೀಟಿಗೆ ಬಡಿಯಿತು. ಆ ಸದ್ದಿಗೆ ಕಾಕು ಬೈಯುತ್ತ ಒಳಗೆ ಬಂದಳು.

“ಕೂಸು” ಎಂದೆ. ಅಷ್ಟೇ ಬಂತು.

ಆಕೆ ನನ್ನ ಮುಖ ನೋಡಿದಳು, ಕೂಸಿನ ಮುಖ ನೋಡಿದಳು, ಚೆಲ್ಲಿದ ಕೆಂಡ ನೋಡಿದಳು. ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದರಲ್ಲಿ ನನ್ನ ಒದ್ದೆ ಕೂದಲನ್ನೇ ಹಿಡಿದು ಹೊಸ್ತಿಲಾಚೆ ಎಳೆದಳು.

ರಸ್ತೆಯಲ್ಲಿ ಬಿಸಿಲಿತ್ತು. ಮಗಳು ಕಾಕುವಿನ ತೋಳಿನ ಮೇಲೆ ತೊಳೆದ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು. ಬಳೆಗಾರ್ತಿ ಬುಟ್ಟಿ ಕೆಳಗಿಟ್ಟು ನಿಂತಳು. ಕಾಕು ಕೂಸಿನ ಅಂಗಾಲಿಗೆ ಹೊಡೆದಳು. ಬೆನ್ನಿಗೆ ಹೊಡೆದಳು. ಎರಡು ವರ್ಷ ಕೂಸುಗಳನ್ನು ಸುಮ್ಮನಿರಿಸಿ ಹೆಸರು ಮಾಡಿದವಳು ನಡುರಸ್ತೆಯಲ್ಲಿ ಕೂತು ಬೇಡುತ್ತಿದ್ದಳು.

“ಅಳು ನನ್ನವ್ವ. ಒಂದ್ ಸಲ ಅಳು. ಓಣಿ ಎದ್ದು ಬರಂಗ ಅಳು.”

ಎಷ್ಟು ಹೊತ್ತು? ಬಳೆಗಾರ್ತಿ ಒಂದು ನಿಮಿಷ ಎನ್ನುತ್ತಾಳೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ. ಆಮೇಲೆ ಬೆಕ್ಕಿನ ಮರಿ ಕೆಮ್ಮಿದಂಥ ಒಂದು ದನಿ ಬಂತು, ಹಿಂದೆಯೇ ಅಳು. ಅಷ್ಟು ಕೆಟ್ಟ ದನಿಯನ್ನು ನಾನು ಜನ್ಮದಲ್ಲಿ ಕೇಳಿಲ್ಲ. ನಿಲ್ಲಬಾರದು, ನಿಲ್ಲಬಾರದು ಎಂದುಕೊಳ್ಳುತ್ತ ಆಟೋದಲ್ಲಿ ಆಸ್ಪತ್ರೆ ತನಕ ಕೇಳಿದೆ. ಎರಡು ದಿನ ಆಕ್ಸಿಜನ್ ಕೊಟ್ಟರು. ಬದುಕಿ ಉಳಿದರೂ ಆ ಗಾಳಿ ಕೂಸಿನ ಮಿದುಳಿಗೆ ಪೆಟ್ಟು ಕೊಡಬಹುದು ಎಂದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ವಾಕ್ಯವನ್ನು ಕಾಕು ಮುಗಿಸಲು ಬಿಡಲಿಲ್ಲ.

ಮಗಳು ಮನೆಗೆ ಬಂದಳು. ಶೇಗಡಿ ಹಿತ್ತಲಿಗೆ ಹೋಯಿತು. ಗವಾಕ್ಷಿಯ ಗಾಜನ್ನು ಕಾಕು ತಾನೇ ಸುತ್ತಿಗೆಯಿಂದ ಒಡೆದಳು. ಬಾಗಿಲಿಗೆ “ಕೂಸುಗಳನ್ನು ಒಳಗೆ ತರಬೇಡಿ” ಎಂಬ ಬೋರ್ಡು ಬಿತ್ತು. ಗೆದ್ದೆ ಎಂದುಕೊಳ್ಳಬೇಕಾಗಿದ್ದ ಹೆಡ್‌ಬಾಯಿ ಮೂರನೆಯ ವಾರಕ್ಕೆ ದೂರು ತಂದರು. ಈಗ ಪಾರ್ಲರಿನಲ್ಲಿ ತಮಗೆ ನಿದ್ದೆಯೇ ಹತ್ತುತ್ತಿಲ್ಲವಂತೆ! ಬೋರ್ಡು ನೋಡಿ ಜಗಳಕ್ಕೆ ಬಂದ ತಾಯಂದಿರಿಗೆ ಕಾಕು ನಡೆದದ್ದನ್ನೆಲ್ಲ ಹೇಳಿದಳು. ಮುಚ್ಚಿಡಲಿಲ್ಲ. ಅರ್ಧ ಜನ ಮತ್ತೆ ಬರಲಿಲ್ಲ.

ಆಮೇಲೆ ಆಕೆ ಮಂಗಳವಾರ ಅಂಗಡಿ ಮುಚ್ಚಿ ಎಲ್ಲಿಗೋ ಹೋಗತೊಡಗಿದಳು. ಚೀಲದಲ್ಲಿ ಹುಬ್ಬು ತೆಗೆಯುವ ದಾರದ ಉಂಡೆ, ಒಂದು ಪೌಡರ್ ಡಬ್ಬಿ. ಭಾಲ್ಕಿಯ ಬಸ್ಸು, ಔರಾದಿನ ಬಸ್ಸು. ಮನೆಗೇ ಬಂದು ಪುಕ್ಕಟೆ ಹುಬ್ಬು ತೆಗೆಯುತ್ತಾಳಂತೆ ಎಂದು ಜನ ನಕ್ಕರು. ವ್ಯಾಪಾರ ಬಿದ್ದು ತಲೆ ಕೆಟ್ಟಿದೆ ಎಂದು ಆಕೆಯ ಗಂಡ, ನಮ್ಮ ಕಾಕಾ ಕೂಡ ಅಂದರು. ನಾನು ಕೇಳಿದಾಗ ಕಾಕು ನೆಲ ನೋಡುತ್ತ ಹೇಳಿದಳು: “ನನ್ನ ಚಾಪಿ ಮ್ಯಾಲ ಮಲಗಿದ ಕೂಸುಗೋಳು ಈಗ ಹ್ಯಾಂಗ ಅವ ಅಂತ ನೋಡಿ ಬರ್ತೇನಿ. ಒಂದೊಂದೇ.”

ಕೊನೆಗೆ ಉಳಿದದ್ದು ಚಿಂತಾಕಿ. ಒಬ್ಬಳೇ ಹೋಗಲು ಧೈರ್ಯ ಸಾಲುತ್ತಿಲ್ಲ ಎಂದು ನನ್ನನ್ನು ಕರೆದಳು. ಮೂರು ದಿನ ಮಲಗದಿದ್ದ ಆ ಕೂಸಿಗೆ ಈಗ ಎರಡು ವರ್ಷ ದಾಟಿತ್ತು. ಅಂಗಳದ ಆಚೆ ಕುರಿಮರಿಗಳ ನಡುವೆ ಬೆನ್ನು ಮಾಡಿ ಕೂತಿದ್ದಳು. ಕಾಕು ತಾಯಿಯ ಹುಬ್ಬಿಗೆ ದಾರ ಹಚ್ಚಿದಳು. ಕಣ್ಣು ಮಾತ್ರ ಆ ಪುಟ್ಟ ಬೆನ್ನಿನ ಮೇಲೆ. ಹುಬ್ಬಿನ ಜೊತೆ ಒಂದು ಮಾತೂ ಆಡಲಿಲ್ಲ. ತಾಯಿ ಮಗಳನ್ನು ಕರೆದಳು. ಹುಡುಗಿ ತಿರುಗಲಿಲ್ಲ. ಕಾಕು ಚಪ್ಪಾಳೆ ತಟ್ಟಿದಳು. ತಿರುಗಲಿಲ್ಲ. ದಾರ ಆಕೆಯ ಹಲ್ಲಿನಲ್ಲೇ ಕಡಿಯಿತು.

“ಆಕಿ ಹಂಗೇ ರಿ. ನಮ್ಮ ಮಾತು ಕೇಳಂಗಿಲ್ಲ. ಮರಿ ಕರದ್ರ ಮೊದಲ ಆಕಿನೇ ಬರ್ತಾಳ” ಎಂದು ಅಂಗಳದಲ್ಲಿದ್ದ ಹುಡುಗಿಯ ಅಜ್ಜಿ ಮರಿಗಳನ್ನು ಕರೆಯುವ ದನಿ ಮಾಡಿದಳು. ಮರಿಗಳಿಗಿಂತ ಮುಂದೆ ಹುಡುಗಿ ಓಡಿ ಬಂದು ಕಾಕುವಿನ ಎದುರು ನಿಂತಳು, ಮೂಗು ಸೋರಿಸುತ್ತ.

ಕಾಕು ನೆಲದ ಮೇಲೆ ಕೂತಳು. ತನ್ನ ಕಿವಿ ಮುಟ್ಟಿ ಇದೇನು ಎಂದು ಕೇಳಿದಳು. ಕಿವಿ ಎಂದಳು ಹುಡುಗಿ. ಮೂಗು, ಕಣ್ಣು, ಹಲ್ಲು, ಬಳೆ. ಒಂದೂ ತಪ್ಪಲಿಲ್ಲ. ಕಾಕು ಮತ್ತೆ ಕಿವಿ ಮುಟ್ಟಿದಳು, ಮತ್ತೆ ಮೂಗು. ಹುಡುಗಿಗೆ ಸಾಕಾಯಿತು. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

“ನಿನಗ ಏನೂ ಗೊತ್ತಿಲ್ಲೇನು?”

“ಇಲ್ಲವ್ವ” ಎಂದಳು ನಮ್ಮ ಕಾಕು. “ನನಗ ಏನೂ ಗೊತ್ತಿದ್ದಿಲ್ಲ. ನೀನೇ ಕಲಿಸು.”

ಹುಡುಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಅಂಗಳದಲ್ಲಿ ಕೂತ ಆ ದೊಡ್ಡ ಹೆಂಗಸಿನ ಮೂಗನ್ನು ಗಟ್ಟಿಯಾಗಿ ಹಿಡಿದು, ಕಣ್ಣೀರು ತನ್ನ ಕೈಮೇಲೆ ಇಳಿಯುತ್ತಿದ್ದರೂ ಬಿಡದೆ, ಮೊದಲಿನಿಂದ ಪಾಠ ಶುರು ಮಾಡಿದಳು.